ಹೊಳೆ ದಾಟಿಸಿದ ಮಾವ

ಮಾವನ ಬಲಗಾಲಿನ ಮೀನಖಂಡದ ಮೇಲೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಸೈಕಲ್ಲಿನ ಚೈನಿನ ಎಣ್ಣೆ ಅಂಟಿ ಅಂಟಿ ಚರ್ಮದೊಳಕ್ಕೇ ಇಳಿದಂಥ ಗೆರೆ. ಹಬ್ಬಕ್ಕೆ ಬಂದಾಗ ಅವ್ವ ಸೀಗೆಪುಡಿ ಕೊಟ್ಟು ತಿಕ್ಕಿಕೋ ಎನ್ನುತ್ತಿದ್ದಳು. ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. "ಬಿಡ ತಂಗಿ, ಇದು ಹುಟ್ಟುಮಚ್ಚಿ ಆಗಿಬಿಟ್ಟದ" ಎಂದು ನಗುತ್ತಿದ್ದ.

ಅವನು ಅವ್ವನ ಅಣ್ಣ. ಮನೆ ಸುರಪುರಕ್ಕೆ ಹೊಂದಿದ ರಂಗಂಪೇಟೆಯಲ್ಲಿ ಇತ್ತು ಎನ್ನುವುದು ಹೆಸರಿಗೆ ಮಾತ್ರ. ಮದುವೆಯಾದ ಕೆಲವೇ ವರ್ಷಗಳಲ್ಲಿ ಹೆಂಡತಿ ಕಾಲರಾ ಬಂದು ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಇನ್ನೊಂದು ಮದುವೆಗೆ ಯಾರು ಎಷ್ಟು ಹೇಳಿದರೂ ಒಪ್ಪದ ಮನುಷ್ಯ, ಊರವರ ಮಕ್ಕಳಿಗೆಲ್ಲ ಸಂಬಂಧ ಕೂಡಿಸುತ್ತ ತಿರುಗಿದ. ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ, ಮತ್ತೆ ಹಿಂದಕ್ಕೆ. ಯಾವ ಮನೆಯಲ್ಲಿ ಹುಡುಗಿ ಬೆಳೆದಿದ್ದಾಳೆ, ಯಾವ ಮನೆಯ ಹುಡುಗ ಹೈದರಾಬಾದಿನಲ್ಲಿ ಓದುತ್ತಿದ್ದಾನೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ.

ಅವನು ಕುಳಿತದ್ದನ್ನು ಕಂಡವರು ಕಡಿಮೆ. ನಮ್ಮ ಮನೆಗೆ ಬಂದರೂ ಪಡಸಾಲೆಯ ಕಂಬಕ್ಕೆ ಆತು ನಿಂತೇ ಬಶಿಯಲ್ಲಿ ಚಹಾ ಸುರಿದು ಕುಡಿಯುತ್ತಿದ್ದ. ಒಂದು ಕಾಲು ಸುಮ್ಮನಿರದೆ ನೆಲ ತಟ್ಟುತ್ತಿತ್ತು. "ಕೂಡ್ರು ಅಣ್ಣಾ" ಎಂದರೆ, "ಕೂತ್ರ ಕಾಲು ಹಿಡೀತಾವ" ಎಂದು ಆಗಲೇ ಅಂಗಳಕ್ಕಿಳಿಯುತ್ತಿದ್ದ.

ಅದು ನಿಜಾಮರ ಕೊನೆಗಾಲ. ಎಲ್ಲೋ ದೂರದ ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ, ಇದ್ದಿಲಿನ ಹೊಗೆಯಿಂದ ಓಡುವ ಒಂದು ಬಸ್ಸು ಮನಸ್ಸು ಬಂದ ದಿನ ಬರುತ್ತಿತ್ತು. ಉಳಿದ ದಿನ ಗರಸುಮಣ್ಣು ಹಾಸಿದ ಆ ಮೊರಂ ರಸ್ತೆಯ ಮೇಲೆ ಎತ್ತಿನ ಬಂಡಿ, ಕುರಿಹಿಂಡು ಬಿಟ್ಟರೆ ಮಾವನ ಸೈಕಲ್ಲು ಒಂದೇ. "ಈ ರಸ್ತಾ ನಿಜಾಮಂದಲ್ಲ, ನಂದು" ಎನ್ನುತ್ತಿದ್ದ.

ನನಗೆ ಹದಿನೇಳು ತುಂಬಿತ್ತು, ಆ ಕಾಲಕ್ಕೆ ತಡವೇ. ಶಹಾಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಅಪ್ಪನಿಗೆ ನನ್ನದೇ ಚಿಂತೆ. ಯಾದಗಿರಿಯ ಕಾಳಿನ ವ್ಯಾಪಾರಿಯೊಬ್ಬರ ಕಿರಿಯ ಮಗನನ್ನು ಮಾವನೇ ಹುಡುಕಿ ತಂದ. ಮಾತು ಮುಗಿಯಿತು, ನಿಶ್ಚಯಕ್ಕೆ ದಿನ ನೋಡುವುದೊಂದು ಉಳಿಯಿತು. ಅಷ್ಟರಲ್ಲಿ ಅಪ್ಪ ಸಾಮಾನು ತರಲು ಹೈದರಾಬಾದಿಗೆ ಹೋದ. ಮರುದಿನ ಬೆಳಗಾಗುತ್ತಲೇ ಮಾವ ಬಾಗಿಲಲ್ಲಿ ನಿಂತಿದ್ದ.

"ಹುಡುಗೀನ ಕಳಸು ತಂಗಿ. ಯಾದಗಿರಿಗಿ ಕರಕೊಂಡು ಹೋಗಿ ಬರ್ತೀನಿ."

ಅವ್ವ ಬೆಚ್ಚಿದಳು. "ಇವರಿಗಿ ಗೊತ್ತಾದ್ರ ನನ್ನ ಕೊಲ್ತಾರ ಅಣ್ಣಾ."

"ಗೊತ್ತಾಗ್ಲಿ. ಹೇಳಾಂವ ನಾನಽ." ಆಮೇಲೆ ನನ್ನ ಕಡೆ ತಿರುಗಿದ. "ಮನಿ ನೋಡೀನಿ, ಹೊಲಾ ನೋಡೀನಿ, ಹುಡುಗನ್ನೂ ನೋಡೀನಿ. ಎಲ್ಲಾ ನಾ ನೋಡೀನಿ, ನೀ ನೋಡಿಲ್ಲ. ಹಂಗಾಗಿ ನನಗ ನಾಕ್ ದಿನದಿಂದ ನಿದ್ದಿ ಇಲ್ಲ."

ಅವ್ವ ರೊಟ್ಟಿ ಬುತ್ತಿ ಕಟ್ಟಿ ಕೈಗಿಟ್ಟಳು. "ಕತ್ತಲಾಗೋದ್ರೊಳಗ ಬರ್ರಿ" ಎಂದಳು.

ಸೈಕಲ್ಲಿನ ಹಿಂದೆ ಕೂಡುವುದು ಅದೇ ಮೊದಲು. ಊರು ದಾಟುವವರೆಗೆ ಸೆರಗು ಮುಖಕ್ಕೆಳೆದುಕೊಂಡು, ಮಾವನ ಅಂಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದೆ. ಗಾಲಿಯ ಕೆಳಗೆ ಮೊರಂ ಕರಕರ ಎನ್ನುತ್ತಿತ್ತು. ಕಣ್ಣು ಬಿಟ್ಟಾಗ ಶಹಾಪುರದ ಗುಡ್ಡ ಹಿಂದೆ ಸರಿದಿತ್ತು, ಎರಡೂ ಕಡೆ ಎರೆಹೊಲ ಆಕಾಶಕ್ಕೆ ತಾಗುವವರೆಗೆ ಹಾಸಿಕೊಂಡಿತ್ತು. ಮೊಣಕಾಲೆತ್ತರದ ಬಿಳಿಜೋಳ, ನಡುವೆ ಕುಸುಬೆಯ ಸಾಲು, ದೂರದಲ್ಲಿ ಒಂದೇ ಒಂದು ಬೇವಿನ ಗಿಡ. ಏರಿಲ್ಲ, ಇಳಿಜಾರಿಲ್ಲ. ಮಾವ ತುಳಿಯುತ್ತಲೇ ಇದ್ದ. ನಾನು ಹುಟ್ಟಿ ಬೆಳೆದ ಸೀಮೆ ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಇನ್ನೂ ಜೋರಾಗಿ ಹೋಗಲಿ ಅನ್ನಿಸುತ್ತಿತ್ತು, ಯಾದಗಿರಿ ಬರುವುದೇ ಬೇಡ ಎಂದೂ ಅನ್ನಿಸುತ್ತಿತ್ತು.

ಭೀಮಾ ಹೊಳೆಯ ದಂಡೆಯಲ್ಲಿ ಅಂಬಿಗ ಸೈಕಲ್ಲನ್ನು ಹರಿಗೋಲಿನಲ್ಲಿ ಅಡ್ಡ ಮಲಗಿಸಿದ. ಮಳೆಗಾಲ ಕಳೆದಿದ್ದರೂ ನೀರು ಎರಡೂ ದಂಡೆಗೆ ತಾಗಿ ಹರಿಯುತ್ತಿತ್ತು. ಹರಿಗೋಲು ನಡುಹೊಳೆಯಲ್ಲಿ ಗಿರ್ರನೆ ತಿರುಗಿದಾಗ ನಾನು ಕಿರುಚಿ, ಹಿಂದೆಯೇ ನಕ್ಕುಬಿಟ್ಟೆ. ಅಂಬಿಗನೂ ನಕ್ಕ. ಮಾವ ಮಾತ್ರ ಹರಿಗೋಲಿನಲ್ಲೂ ನಿಂತೇ ಇದ್ದ. "ಕೂಡ್ರೋ ಮಾರಾಯಾ, ಎಲ್ಲಾರಿಗೂ ಮುಳುಗಸ್ತಿ" ಎಂದು ಅಂಬಿಗ ಬೈದ ಮೇಲೆ ಕುಕ್ಕರುಗಾಲಿನಲ್ಲಿ ಕೂತ.

ಯಾದಗಿರಿಯ ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಆ ಮನೆ. ಮಾವ ಮುಂಬಾಗಿಲಿನಿಂದ ಹೋಗಿ ಯಜಮಾನರ ಜೊತೆ ಮಾತಿಗೆ ನಿಂತ. ನಾನು, ಹಾದಿಹೋಕ ಹುಡುಗಿಯ ಹಾಗೆ, ಹಿತ್ತಲ ಬಾಗಿಲಿಗೆ ಹೋಗಿ ನೀರು ಕೇಳಿದೆ. ಬಾವಿಕಟ್ಟೆಯ ಮೇಲೆ ಆ ಮನೆಯ ಹಿರಿಸೊಸೆ ಪಾತ್ರೆ ಬೆಳಗುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ತಂಬಿಗೆ ತೊಳೆದು ನೀರು ಕೊಟ್ಟಳು, ಜೊತೆಗೆ ಬೆಲ್ಲ.

"ಎಲ್ಲಿಂದ ಬಂದೆವ್ವಾ?"

"ಶಹಾಪುರದಿಂದ."

"ಹೊಳಿ ದಾಟಿ ಬಂದೇನು?" ಅವಳ ಕೈ ನಿಂತಿತು. "ಹೊಳ್ಯಾಗ ನೀರು ಎಷ್ಟು ಅದ ಈಗ?"

ಹೊಳೆ ಆ ಓಣಿಯಿಂದ ಮಕ್ಕಳು ಓಡಿಹೋಗಿ ಬರುವಷ್ಟು ದೂರ. ಕೇಳಿದ್ದು ತಮಾಷೆಗೋ ಎಂದು ಅವಳ ಮುಖ ನೋಡಿದೆ. ತಮಾಷೆಯಲ್ಲ.

"ನೀವು ನೋಡಿಲ್ಲೇನ್ರಿ?"

"ಈ ಮನಿಗಿ ಬಂದ ಮ್ಯಾಲ ಒಮ್ಮಿನೂ ನೋಡಿಲ್ಲ. ಉಣ್ಣಾಕ, ಉಡಾಕ ಏನೂ ಕಮ್ಮಿಲ್ಲವ್ವಾ. ಹೊರಗ ಕಳಸಂಗಿಲ್ಲ, ಅಷ್ಟಽ."

ದೂರು ಹೇಳುವ ದನಿಯಾಗಿರಲಿಲ್ಲ ಅದು, ಬಿಸಿಲು ಜಾಸ್ತಿ ಎಂದಷ್ಟೇ ಸಹಜವಾಗಿ ಹೇಳಿದಳು. ಒಳಗಿನಿಂದ "ನೀರು" ಎಂಬ ಗಂಡುದನಿ ಬಂತು. ಬಾಗಿಲ ಸಂದಿಯಲ್ಲಿ ಕಂಡೆ. ಅವಳ ಮೈದುನ, ನನಗೆ ನೋಡಿದ್ದ ಹುಡುಗ, ಪುಸ್ತಕ ಓದುತ್ತ ಕೂತಿದ್ದ. ಚೆಲುವನೇ. ಅವಳು ಓಡಿಹೋಗಿ ನೀರಿಟ್ಟಾಗ ಅವನು ತಲೆಯೆತ್ತಲಿಲ್ಲ. ಮರಳಿ ಬಂದವಳು ಮತ್ತೆ ಅದನ್ನೇ ಕೇಳಿದಳು. "ಹೇಳವ್ವಾ, ನೀರು ಎಷ್ಟದ?"

ಎರಡೂ ದಂಡೆಗೆ ತಾಗಿದೆ, ನಡುವೆ ಸುಳಿ ತಿರುಗುತ್ತದೆ, ನೀರು ಕೆಂಪು ಹೋಗಿ ತಿಳಿಯಾಗಿದೆ ಎಂದು ಕಂಡದ್ದನ್ನೆಲ್ಲ ಹೇಳಿದೆ. ಅವಳು ಬೂದಿಗೈಯಲ್ಲೇ ನಿಂತು ಕೇಳಿದಳು.

ಹೊಳೆಯವರೆಗೂ ಮಾವ ಏನೂ ಕೇಳಲಿಲ್ಲ. ದಂಡೆಯಲ್ಲಿ ಹರಿಗೋಲಿಗೆ ಕಾಯುವಾಗ ನಾನೇ ಅಂದೆ, "ಮಾವಾ, ಬ್ಯಾಡ."

"ಹುಡುಗ ಬ್ಯಾಡೋ, ಮನಿ ಬ್ಯಾಡೋ?"

"ಆ ಬಾಗಲಾ ಬ್ಯಾಡ."

"ಆತು" ಎಂದ. ಆಚೆ ದಂಡೆಗೆ ಇಳಿದಾಗ ಎದುರುಗಾಳಿ ಎದ್ದಿತ್ತು. ದಾರಿಯುದ್ದಕ್ಕೂ ಮಾವ ಮೈ ಬಾಗಿಸಿ ತುಳಿದ. ಅವನ ಬೆನ್ನಿನ ಬೆವರು ನನ್ನ ಹಣೆಗೆ ತಾಗುತ್ತಿತ್ತು.

ಅಪ್ಪ ಬಂದ ದಿನವೇ ಮಾವನೂ ಬಂದ, ಈ ಸಂಬಂಧ ಬೇಡ ಎಂದ. ಅಪ್ಪ ಮೊದಲು ನಂಬಲಿಲ್ಲ. "ಮಾತು ಕೊಟ್ಟು ಕುಂತೀನಿ. ನಾಳಿ ಯಾದಗಿರಿ ಬಜಾರದಾಗ ಹ್ಯಾಂಗ ಮುಖಾ ತೋರಸಲಿ? ಹುಡುಗನ ಕಡೆ ಏನು ಕೊರತಿ ಕಂಡ್ರಿ ನೀವು?"

"ಏನೂ ಇಲ್ಲ. ನನ್ನ ಮನಸು ಒಪ್ಪವಲ್ದು. ತಪ್ಪು ನನ್ನ ಮ್ಯಾಲ ಹಾಕ್ರಿ."

ಅಡಿಗೆಮನೆಯಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದೆ. "ಮಾವ ಅಲ್ಲಪ್ಪಾ, ಬ್ಯಾಡ ಅಂದಾಕಿ ನಾನು. ಹೋಗಿ ನೋಡಿ ಬಂದೀನಿ."

"ಎಲ್ಲಿಗಿ?"

"ಯಾದಗಿರಿಗಿ. ಸೈಕಲ್ ಮ್ಯಾಲ."

ಅಲ್ಲಿಯವರೆಗೆ ಹೆಂಡತಿಯ ಅಣ್ಣನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಅಪ್ಪ ಅಂದು ಏಕವಚನಕ್ಕಿಳಿದ. "ಬೆಳದ ಹುಡುಗಿಗಿ ಹಿಂದ ಕುಂದ್ರಿಸಿಕೊಂಡು ಊರು ತಿರಗಿದೇನು? ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ ನೀ."

ಮಾವ ನನ್ನ ಕಡೆ ತಿರುಗಿದ. "ನೀ ಯಾಕ ಹೊರಗ ಬಂದಿ ಹುಚ್ಚಿ, ನಾ ಮುಗಿಸಿ ಹೋಗ್ತಿದ್ನಲ್ಲ" ಎಂದು ಹೊರಟುಹೋದ.

ಸಂಬಂಧ ಮುರಿಯಿತು. ಮೂರೂ ಊರಿನಲ್ಲಿ ಮಾವನ ಹೆಸರೂ ಕೆಟ್ಟಿತು. ಹುಡುಗಿಯ ಮಾತು ಕೇಳಿ ಮದುವೆ ಮುರಿಯುವವನನ್ನು ಮನೆಗೆ ಕರೆಯುವವರು ಯಾರು? ಆದರೂ ಅವನು ಸೈಕಲ್ ಬಿಡಲಿಲ್ಲ. ಕೆಲಸವಿಲ್ಲದೆಯೂ ನಮ್ಮ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದ. ಅಪ್ಪ ತಕ್ಕಡಿಯಿಂದ ಕಣ್ಣೆತ್ತುತ್ತಿರಲಿಲ್ಲ.

ಎರಡು ಸುಗ್ಗಿ ಕಳೆದವು. ಸುರಪುರದ ಮಾಸ್ತರರೊಬ್ಬರ ಸಂಬಂಧ ಬಂತು. ಬಂದವರನ್ನು ಪಡಸಾಲೆಯಲ್ಲಿ ಕೂಡಿಸಿ, ಅಪ್ಪ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದ. ಬಾಗಿಲ ಚೌಕಟ್ಟನ್ನು ಹಿಡಿದು, ನನ್ನ ಮುಖ ನೋಡದೆ ಕೇಳಿದ, "ನೋಡ್ತಿಯೇನವ್ವಾ?"

ನೋಡಿದೆ, ಮಾತಾಡಿದೆ, ಒಪ್ಪಿದೆ. ಹೀಗೆ ನಾನು ಸುರಪುರಕ್ಕೆ ಬಂದೆ. ನನ್ನ ಯಜಮಾನರು ಸಂಜೆಗೆ ಗುಡ್ಡದ ಕಡೆ ತಿರುಗಾಡಲು ಹೋಗುವಾಗ ನನ್ನನ್ನೂ ಕರೆಯುತ್ತಿದ್ದರು. ಇಂಥ ಬದುಕು ನನಗೆ ಮಾವನಿಂದ ಬಂತು. ಆ ಋಣವನ್ನು ಯಾವತ್ತೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಹೇಳಲು ಹೋದರೆ ಅವನು ಸೈಕಲ್ ಹತ್ತಿಬಿಡುತ್ತಿದ್ದ.

ನಿಜಾಮರ ಆಳಿಕೆಯ ಕೊನೆಯ ವರ್ಷ ದಾರಿಗಳು ಬಂದಾದವು. ಬಂದೂಕು ಹಿಡಿದವರು ರಸ್ತೆಗೆ ಅಡ್ಡ ನಿಂತರು, ಜನ ಊರು ಬಿಟ್ಟು ಹೊರಗೆ ಹೋಗುವುದು ನಿಂತಿತು. ಮಾವ ರಂಗಂಪೇಟೆಯ ಓಣಿಯಲ್ಲೇ ಮೇಲಕ್ಕೂ ಕೆಳಕ್ಕೂ ಸೈಕಲ್ ತುಳಿದ. ಆಮೇಲೆ ಜ್ವರ ಹಿಡಿಯಿತು. ನಾನು ಮನೆಗೆ ಕರೆತಂದೆ.

ಹಾಸಿಗೆಯಲ್ಲಿ ಅವನು ನೋಡಲಾಗದಷ್ಟು ಒದ್ದಾಡುತ್ತಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ತಾನಾಗಿಯೇ ಹೆಂಡತಿಯ ಮಾತೆತ್ತಿದ.

"ಆಕಿಗಿ ಯಾರೂ ಕೇಳಿರಲಿಲ್ಲ, ತಂದು ಕೊಟ್ರು. ನಾನೂ ಕೇಳಲಿಲ್ಲ. ನಾಕ್ ವರ್ಷ ಒಂದಽ ಮನ್ಯಾಗ ಇದ್ವಿ. ಆಕಿಗಿ ಯಾವ ಪಲ್ಯ ಸೇರ್ತಿತ್ತು, ಅದೂ ನನಗ ಗೊತ್ತಿಲ್ಲ. ಸತ್ತ ಮ್ಯಾಲ ಆ ಮನ್ಯಾಗ ಕುಂದ್ರಾಕ ಆಗಲಿಲ್ಲ ನೋಡು."

ನಾನು ರಂಗಂಪೇಟೆಗೆ ಹೋಗಿ ಅವನ ನೆರೆಮನೆಯ ಅಜ್ಜಿಯನ್ನು ಕೇಳಿದೆ. "ಪುಂಡಿಪಲ್ಯ!" ಎಂದಳು ಅಜ್ಜಿ. "ನಮ್ಮ ಹಿತ್ತಲದಾಗಿಂದು ಕಿತ್ತು ಹಸೀದಽ ತಿಂತಿದ್ಲು ಹುಡುಗಿ."

ಮಾಡಿ ಬಡಿಸಿದೆ. ಮಾವ ಒಂದು ತುತ್ತು ಬಾಯಿಗಿಟ್ಟು ಮುಖ ಹಿಂಡಿದ. "ಭಾಳ ಹುಳಿ ಅದ" ಎಂದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು ಪೂರ್ತಿ ಉಂಡ. "ಮತ್ತೇನೇನು ಸೇರ್ತಿತ್ತಂತ ಆಕಿಗಿ? ನಾಳಿ ಕೇಳ್ಕೊಂಡು ಬಾ."

ದಿನವೂ ಹೋದೆ. ಅಜ್ಜಿ ನೆನಪು ಮಾಡಿಕೊಂಡು ಒಂದೊಂದೇ ಹೇಳಿದಳು. ಮಲ್ಲಿಗೆ ಒಲ್ಲೆ ಎನ್ನುತ್ತಿದ್ದಳು, ಸೇವಂತಿಗೆ ಮುಡಿಯುತ್ತಿದ್ದಳು. ಬೀಸುವಾಗ ಹಾಡುತ್ತಿದ್ದಳು, ಯಾರಾದರೂ ಬಂದರೆ ನಿಲ್ಲಿಸುತ್ತಿದ್ದಳು. ಗುಡುಗಿಗೆ ಹೆದರುತ್ತಿದ್ದಳು. ನಾನು ಮನೆಗೆ ಬರುವುದನ್ನೇ ಮಾವ ಕಾಯುತ್ತಿದ್ದ. ಕಣ್ಣು ಮುಚ್ಚಿ ಕೇಳುತ್ತಿದ್ದ.

ದಾರಿಗಳು ತೆರೆಯುವ ಮೊದಲೇ, ಒಂದು ಬೆಳಿಗ್ಗೆ ಮಾವ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನ ಅಜ್ಜಿ ಹೇಳಿಕಳಿಸಿದಳು, ಇನ್ನೊಂದು ನೆನಪಾಗಿದೆ ಎಂದು. ಹೋಗಿ ಕೂತೆ.

"ಅಂವ ಓಣಿ ತಿರುವಿನ್ಯಾಗ ಬಂದ್ರ ಸಾಕು, ಹೆಜ್ಜಿ ಸಪ್ಪಳ ಆಕಿಗಿ ತಿಳೀತಿತ್ತವ್ವಾ. ಮಾತು ಅರ್ಧಕ್ಕ ಬಿಟ್ಟು ಒಳಗ ಓಡಿ ಹಂಚಿನ ಮ್ಯಾಲ ರೊಟ್ಟಿ ಹಾಕ್ತಿದ್ಲು, ಬಿಸೀದು ಉಣ್ಣಲಿ ಅಂತ."

ಅದನ್ನು ಕೇಳಿಸಿಕೊಂಡು ಎದ್ದು ಬಂದೆ. ಹೇಳೋಣವೆಂದರೆ ಮನೆಯಲ್ಲಿ ಮಾವ ಇರಲಿಲ್ಲ.