ನೊಣದ ರೆಕ್ಕೆಗೆ ನಾನೆಳೆದ ಗೆರೆ

ಒಂದು ನೊಣದ ರೆಕ್ಕೆಯಲ್ಲಿ ಕಾಣದ ಗೆರೆಯನ್ನು ಕಂಡಂತೆ ಎಳೆದವನು ನಾನು. ಅದನ್ನು ಒಪ್ಪಿಕೊಳ್ಳಲೆಂದೇ ಬರೆಯುತ್ತಿದ್ದೇನೆ. ಕ್ಷಮೆ ಕೇಳಬೇಕಾದವರು ಒಬ್ಬರೇ, ಅವರನ್ನು ಕೇಳಿಯಾಗಿದೆ. ಉಳಿದವರು ನಗುವುದಾದರೆ ನಗಲಿ. ಆಗಲೂ ನಕ್ಕಿದ್ದರು.

ಗಣಿಯ ಕಾಲ ಅದು. ಸಂಡೂರಿನ ಗುಡ್ಡದಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ಮೇಲೆ ಸಾಲುಗಟ್ಟಿ ಹೋಗುತ್ತಿದ್ದವು. ಒಗೆದು ಹಾಕಿದ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನಾನು ಓದಿದ್ದು ಹತ್ತನೇ ತರಗತಿ. ಕೈಯಲ್ಲಿದ್ದದ್ದು ಅಪ್ಪ ಕಲಿಸಿದ ಚಿತ್ರದ ಕಸುಬು. ಹೊಸ ಲಾರಿಗೆ ಮಾಲೀಕರ ಮನೆದೇವರ ಹೆಸರು, ಹಿಂದಿನ ಹಲಗೆಗೆ ನವಿಲೋ ಹದ್ದೋ ಬರೆಯುವುದು ನನ್ನ ಕೆಲಸ. ಬಣ್ಣ ಒಣಗುವವರೆಗೂ ಕಾಯದೆ ಲಾರಿಗಳು ಲೋಡಿಗೆ ಓಡುತ್ತಿದ್ದ ದಿನಗಳವು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಹೊಸಪೇಟೆಯ ಪಕ್ಕದ ಟಿ.ಬಿ. ಡ್ಯಾಂ ಕಾಲೊನಿಯಲ್ಲಿದ್ದರು. ಮನೆಯ ಗೇಟಿಗೆ ಹೆಸರು ಬರೆಸಲು ನನ್ನನ್ನು ಕರೆಸಿದ್ದರು. ಬರೆದು ಮುಗಿಸಿದ ಮೇಲೆ ಅಕ್ಷರಗಳ ಹತ್ತಿರಕ್ಕೆ ಮುಖ ತಂದು ನೋಡಿ ಕೇಳಿದರು:

"ಇದಕ್ಕಿಂತ ಸಣ್ಣದು ಬರೀತೀರೇನ್ರಿ?"

"ಎಷ್ಟು ಸಣ್ಣದ್ರಿ?"

"ಎಳ್ಳಿನಕಿಂತ ಸಣ್ಣ ನೊಣದ ಕಾಲಿನ ಮುಳ್ಳು."

ತಮಾಷೆ ಎಂದುಕೊಂಡೆ. ಒಳಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಾಯಿಸಿದ ಬೆಲ್ಲದ ಬಣ್ಣದ ಒಂದು ಹರಳು, ಅದರೊಳಗೆ ರೆಕ್ಕೆ ಬಿಚ್ಚಿ ನಿಂತ ಒಂದು ನುಸಿ. ನುಸಿಯೂ ನೊಣದ ಬಳಗದ್ದೇ ಎಂದರು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು ಯಾವುದೋ ಮರದ ಅಂಟಿಗೆ ಸಿಕ್ಕಿಬಿದ್ದದ್ದು. ಆ ಅಂಟು ಮಣ್ಣಿನಡಿ ಸೇರಿ ಕಲ್ಲಿನಂತಾಗಿತ್ತು. ಅಂಬರ್ ಅಂದರೆ ಅದೇ. ಮೇಡಂ ಅವರ ಹಳೆಯ ವಿದ್ಯಾರ್ಥಿಯೊಬ್ಬ ಗುಜರಾತಿನ ಕಂದು ಕಲ್ಲಿದ್ದಲಿನ ಗಣಿಯಲ್ಲಿದ್ದ. ಅಲ್ಲಿ ಕಲ್ಲಿದ್ದಲಿನ ಜೊತೆ ಉರಿದುಹೋಗುವ ಅಂಬರ್ ತುಣುಕುಗಳನ್ನು ಆರಿಸಿ ಕಳಿಸುತ್ತಿದ್ದ. ಮೇಡಂ ಅವರ ಕಣ್ಣಿಗೆ ಪೊರೆ ಬಂದಿತ್ತು, ಕೈ ನಡುಗುತ್ತಿತ್ತು. ನೊಣದ ಜಾತಿ ಗುರುತಿಸುವ ವಿದ್ಯೆ ತಲೆಯಲ್ಲಿ ತುಂಬಿತ್ತು, ಬರೆಯುವ ಕೈ ಇರಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಅವರ ಮನೆ, ಮಧ್ಯಾಹ್ನದ ಮೇಲೆ ಲಾರಿ. ಲಾರಿಯ ಹಳೆ ಬಣ್ಣ ಉಜ್ಜುವ ನುಣ್ಣನೆಯ ವಾಟರ್ ಪೇಪರ್ ಮೇಲೆ ಅಂಬರ್ ಉಜ್ಜಿ ಕಿಟಕಿಯಂತೆ ತಿಳಿಯಾಗಿಸುತ್ತಿದ್ದೆ, ಆಮೇಲೆ ಬರೆಯುತ್ತಿದ್ದೆ. ನೊಣದ ಕುಲ ತಿಳಿಯುವುದು ಬಣ್ಣದಿಂದಲ್ಲ, ಮೀಸೆಯ ಗಂಟುಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ರೆಕ್ಕೆಯ ನರಗಳಿಂದ. ಯಾವ ನರ ಎಲ್ಲಿ ಕವಲೊಡೆಯುತ್ತದೆ, ಯಾವುದು ಅಂಚು ಮುಟ್ಟುತ್ತದೆ, ಯಾವುದು ನಡುವೆಯೇ ಸವೆದುಹೋಗುತ್ತದೆ. ಇಷ್ಟರ ಮೇಲೆ ಇದು ಇಂಥ ಕುಲದ್ದು, ಇದು ಹೊಸದು ಎಂದು ಹೇಳುತ್ತಾರೆ.

ಲಾರಿ ಅಡ್ಡೆಯಲ್ಲಿ ಸುದ್ದಿ ಹಬ್ಬಿತು. ಚೋರನೂರಿನ ಕಡೆಯ ಒಬ್ಬ ಮಾಲೀಕನಿಗೆ ನಾನು ಸಿಕ್ಕಾಗಲೆಲ್ಲ ಅದೇ ಮಾತು.

"ಏನ್ರಿ ಆರ್ಟಿಸ್ಟರ, ಊರಿಗೆ ಊರೇ ಗುಡ್ಡ ಅಗದು ಬಂಗಲೆ ಕಟ್ಟಾಕತ್ತೈತಿ. ನೀವು ಸತ್ತ ನೊಣದ ಮೀಸಿ ತಿದ್ದಾಕತ್ತೀರಲ್ರಿ!"

"ನಿಮ್ಮ ಗುಡ್ಡ ಮತ್ತ ಬೆಳೀತೈತೇನ್ರಿ?" ಅಂದೆ.

"ನೊಣ ಬೆಳೀತೈತೇನು?"

"ಇಲ್ಲ. ಆದ್ರ ಇಷ್ಟು ಕಾಲ ಕೆಡದಂಗ ಉಳದೈತಿ. ನಿಮ್ಮ ಬಂಗಲೆ ಉಳಿಲಿ ನೋಡೂಣು."

ಅವನು ಆ ವರ್ಷ ತನ್ನ ಲಾರಿಗಳಿಗೆ ಬೇರೆಯವರಿಂದ ಬರೆಸಿದ. ಬರೆಸಲಿ ಎಂದುಕೊಂಡೆ.

ಈಗ ತಪ್ಪಿನ ಮಾತು. ನಮ್ಮಪ್ಪ ಹಂಪಿಯ ಸುತ್ತಲಿನ ಗುಡಿಗಳಲ್ಲಿ, ಮಠಗಳಲ್ಲಿ ಗೋಡೆಯ ಹಳೆಯ ಚಿತ್ರಗಳಿಗೆ ಮರುಬಣ್ಣ ಕೊಡುತ್ತಿದ್ದರು. ಗಚ್ಚು ಉದುರಿದ ಕಡೆ ದೇವರ ಕೈ ಮೊಣಕೈವರೆಗೆ ಮಾತ್ರ ಉಳಿದಿರುತ್ತಿತ್ತು. ಮತ್ತೊಂದು ಕೈ ನೋಡಿ, ಅದರಂತೆ ಇದನ್ನೂ ಪೂರ್ತಿ ಮಾಡುತ್ತಿದ್ದರು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ಅರ್ಧಕ್ಕೆ ನಿಂತ ಗೆರೆ ಬರೆದವನಿಗೆ ಶ್ರೇಯಸ್ಸಲ್ಲ ಎನ್ನುತ್ತಿದ್ದರು. ನನ್ನ ಬೆರಳು ಬೆಳೆದದ್ದು ಹಾಗೆ.

ಒಂದು ಹರಳಿನಲ್ಲಿ ಒಂದೇ ರೆಕ್ಕೆ ಉಳಿದಿದ್ದ ನೊಣವಿತ್ತು. ಆ ರೆಕ್ಕೆಯ ನಡುವಿನ ಒಂದು ನರ ಅಂಚಿನತ್ತ ಹೊರಟು ಒಂದು ಗಾಳಿಗುಳ್ಳೆಯ ಅಡಿ ಮರೆಯಾಗಿತ್ತು. ಗುಳ್ಳೆಯ ಆಚೆ ಏನಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ನನಗೂ ಕಾಣಲಿಲ್ಲ. ಆದರೆ ಪೆನ್ನು ನಿಲ್ಲಲಿಲ್ಲ. ಗೆರೆಯನ್ನು ಅಂಚಿಗೆ ಮುಟ್ಟಿಸಿದೆ. ಚಂದ ಬಂತು ಎಂದೂ ಅನಿಸಿತು.

ಮೇಡಂ ಆ ಚಿತ್ರವನ್ನು ಭೂತಗನ್ನಡಿಯ ಕೆಳಗೆ ಹಿಡಿದು ತುಂಬ ಹೊತ್ತು ನೋಡಿದರು. ಅವರ ಮುಖ ಅರಳಿತು.

"ಈ ನರ ಅಂಚು ಮುಟ್ಟೇದ. ಈ ಗುಂಪಿನೊಳಗ ಯಾವುದರಾಗೂ ಮುಟ್ಟಂಗಿಲ್ಲ. ಇದು ಹೊಸದು ರೀ! ಇಷ್ಟು ವರ್ಷ ಬ್ಯಾರೆಯವರು ಇಟ್ಟ ಹೆಸರು ಪಾಠ ಮಾಡಿದೆ. ಇದಕ್ಕ ನಾನು ಹೆಸರು ಇಡತೀನಿ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಖುಷಿಯಲ್ಲಿ ಅವರನ್ನು ನಾನು ಕಂಡೇ ಇರಲಿಲ್ಲ. ಹಂಪಿಯ ಹೆಸರು ಸೇರಿಸಿ ಲ್ಯಾಟಿನ್ ಹೆಸರು ಕಟ್ಟಿದರು. ಅದನ್ನು ಹೇಗೆ ಉಚ್ಚರಿಸಬೇಕೆಂದು ನನಗೆ ಹೇಳಿಕೊಟ್ಟು, ನನ್ನ ನಾಲಿಗೆ ತೊಡರಿದಾಗ ನಕ್ಕರು. ನಾನೂ ನಕ್ಕೆ.

ಆ ನೊಣದ ಬಗ್ಗೆ ಮೇಡಂ ಪತ್ರಿಕೆಗೆ ಬರೆಯುತ್ತಿದ್ದ ಲೇಖನದಲ್ಲಿ ಹೋಲಿಸಲು ಈಗಿನ ಕಾಲದ ನುಸಿಗಳ ಚಿತ್ರವೂ ಬೇಕಿತ್ತು. ಕಂಪ್ಲಿಯ ಬಸ್ಸು ಹಿಡಿದು ಎಮ್ಮಿಗನೂರಿನ ಭತ್ತದ ಗದ್ದೆಗೆ ಹೋದೆ. ನೀರು ನಿಂತ ಬದುವಿನಲ್ಲಿ ಸಂಜೆಗೆ ಅವು ಹೊಗೆಯಂತೆ ಏಳುತ್ತವೆ. ಬಲೆಗೆ ಬಿದ್ದವುಗಳನ್ನು ತಂದು ಒಂದೊಂದನ್ನೇ ನೋಡಿದೆ. ಅದೇ ಬಾಗು, ಅದೇ ಕವಲು. ಆ ನರ ಮಾತ್ರ ಎಲ್ಲದರಲ್ಲೂ ಅಂಚಿಗೆ ಬಾರದೆ ಸವೆದು ನಿಂತಿತ್ತು. ದೇವರು ಬರೆದ ಗೆರೆಯೇ ಅರ್ಧಕ್ಕೆ ನಿಂತಿತ್ತು!

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋಗಿ ನಿಂತೇ ಹೇಳಿದೆ.

"ಮೇಡಂ, ಆ ನರ ಅಂಚು ಮುಟ್ಟಿದ್ದು ನನ್ನ ಪೆನ್ನಿನಾಗ. ನೊಣದಾಗ ನಾ ಅದನ್ನ ನೋಡಿಲ್ಲ."

ಅವರು ಕನ್ನಡಕ ತೆಗೆದರು. "ಕುಂದ್ರಿ" ಎಂದರು. ನಾನು ಕೂರಲಿಲ್ಲ.

"ಯಾಕ ಎಳದ್ರಿ?"

"ಅರ್ಧಾ ಬಿಡಬಾರದು ಅಂತ ಕಲಿಸ್ಯಾರ್ರಿ."

"ಇದು ಗುಡಿ ಗ್ವಾಡಿ ಅಲ್ರೀ!" ದನಿ ಏರಿತು. ಹರಳನ್ನು ಎತ್ತಿ ಬೆಳಕಿಗೆ ಹಿಡಿದರು. ಆಮೇಲೆ ಬೇರೆಯೇ ದನಿಯಲ್ಲಿ, "ಗುಳ್ಳೆ ಹಿಂದ ಇದ್ದರೂ ಇರಬಹುದಲ್ಲ?" ಎಂದರು.

"ಇರಬಹುದು."

"ಉಜ್ಜಿ ನೋಡಲಿಕ್ಕೆ ಬರಂಗಿಲ್ಲೇನು?"

"ಉಜ್ಜಿದ್ರ ಗುಳ್ಳಿ ಜೋಡಿ ರೆಕ್ಕಿನೂ ಹೋಗತೈತ್ರಿ. ನೊಣ ಇದೊಂದೇ ಇರೋದು."

"ಮತ್ತ ಇರಲಿ ಬಿಡ್ರಿ, ಹಿಂಗೇ ಕಳಸೂಣು. ಯಾರು ಬಂದು ನೋಡ್ತಾರ?"

ಆ ಮಾತು ಅವರದಲ್ಲ, ಆಸೆಯದು ಎಂದು ಗೊತ್ತಿತ್ತು. ಅದಕ್ಕೆ ಕಾರಣ ನಾನೇ ಎಂಬುದೂ ಗೊತ್ತಿತ್ತು. ಆದರೂ ಮೇಜಿನ ಮೇಲಿದ್ದ ಚಿತ್ರವನ್ನು ಎತ್ತಿಕೊಂಡೆ.

"ಇದನ್ನ ನಾ ಕೊಡಂಗಿಲ್ರಿ."

"ತಪ್ಪು ನೀವು ಮಾಡಿ, ನನಗ ಬುದ್ಧಿ ಹೇಳ್ತೀರೇನು?"

"ಹೇಳ್ತೀನ್ರಿ. ಬೈರಿ, ಬಾಗಲಾ ತೋರಸ್ರಿ. ಚಿತ್ರ ಮಾತ್ರ ಕೊಡಂಗಿಲ್ಲ."

ಅಷ್ಟು ಓದಿದವರೆದುರು ಆ ದನಿ ನನಗೆ ಎಲ್ಲಿಂದ ಬಂತೋ. ಇವತ್ತಿಗೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಕೊನೆಗೆ ನನ್ನತ್ತ ನೋಡದೆಯೇ ಹೇಳಿದರು:

"ಕಾಣದ ಕಡೆ ಚುಕ್ಕಿ ಇಡತಾರ. ಇದ್ದರೂ ಇರಬಹುದು, ಇಲ್ಲದೆನೂ ಇರಬಹುದು ಅಂತ. ಹೊಸಾ ಹಾಳಿ ತಗೋರಿ."

ಅಲ್ಲೇ ಕೂತು ಮತ್ತೆ ಬರೆದೆ. ಗುಳ್ಳೆಯ ಹತ್ತಿರ ಬಂದಾಗ ಕೈ ತಾನಾಗಿ ಮುಂದೆ ಹೋಗಲು ನೋಡಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಚುಕ್ಕೆ ಇಟ್ಟೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು. ಬೈಯಲಿ.

ಲೇಖನ ಅಚ್ಚಾಯಿತು. ಆ ನೊಣಕ್ಕೆ ಕುಲದ ಹೆಸರಿತ್ತು, ಹೊಸದೆನ್ನಲು ಆಧಾರ ಉಳಿಯದ್ದರಿಂದ ಅದರದೇ ಎನ್ನುವ ಹೆಸರಿರಲಿಲ್ಲ. ಮೇಡಂ ಲೇಖನದ ಒಂದು ಪ್ರತಿ ಕೊಟ್ಟರು, ಚಹಾ ಕೊಟ್ಟರು. ಮತ್ತೆ ಬರೆಯಲು ಕರೆಯಲಿಲ್ಲ. ಹೊಸ ನೊಣಕ್ಕೆ ಹೆಸರಿಡುವ ಭಾಗ್ಯ ಅವರಿಗೆ ಬರಲೇ ಇಲ್ಲ. ಕಣ್ಣಿಗೆ ತೋರಿಸಿ ಕಿತ್ತುಕೊಂಡವನು ನಾನು. ಆ ಗೆರೆ ಎಳೆದದ್ದಕ್ಕೆ, ಎಳೆದು ಸುಮ್ಮನಿದ್ದದ್ದಕ್ಕೆ ನನಗೆ ಪಶ್ಚಾತ್ತಾಪವಿದೆ. ಅಳಿಸಿದ್ದಕ್ಕೆ ಇಲ್ಲ.

ಒಂದು ದಿನ ಅಡ್ಡೆಯಲ್ಲಿ ಆ ಚೋರನೂರಿನವನು ಮತ್ತೆ ಸಿಕ್ಕ.

"ಏನಂತ ಹೆಸರಿಟ್ರಿ ನಿಮ್ಮ ನೊಣಕ್ಕ?"

"ಇಟ್ಟಿಲ್ಲ."

"ಇಷ್ಟು ದಿನ ಕಣ್ಣು ಕಳಕೊಂಡು ಒಂದು ಹೆಸರೂ ಇಡಲಿಲ್ಲೇನ್ರಿ?" ಎಂದು ಸುತ್ತಲಿನವರಿಗೆ ಕೇಳುವಂತೆ ನಕ್ಕ.

"ಮೇಡಂ ಇಡತಿದ್ರು," ಅಂದೆ. "ನಾನ ಇಡಗೊಡಲಿಲ್ಲ."