ಗೀಗೀ ಎನ್ನದ ದಾವಲಸಾಬ

ಟಿಕೋಟಾದ ದಾವಲಸಾಬ ಬಬಲೇಶ್ವರದ ಸಂತೆಯಲ್ಲಿ ಹಗ್ಗ ಮಾರುತ್ತಾನೆ. ಅದು ಹೊಟ್ಟೆಪಾಡು. ಅವನ ನಿಜವಾದ ಪದವಿ ಗೀಗೀ ಮೇಳದ ಹಿಮ್ಮೇಳ. ಎರಡು ಮೇಳಗಳು ಎದುರುಬದುರು ನಿಂತು ಹಾಡಿನಲ್ಲೇ ಸವಾಲು ಹಾಕಿ ಜವಾಬು ಕೊಡುವ ಆ ಯುದ್ಧದಲ್ಲಿ ಮುಂದೆ ನಿಂತವರು ಹೆಸರು ಗಳಿಸುತ್ತಾರೆ. ಹಿಂದೆ ನಿಂತ ದಾವಲಸಾಬ ಒಂಟಿ ತಂತಿಯ ತುಂತುಣಿ ಮೀಟುತ್ತ, ಸಾಲು ಮುಗಿದಲ್ಲಿ ‘ಗೀಯ ಗೀಯ ಗಾ ಗೀಯ’ ಎಂದು ಎತ್ತಿಕೊಡುತ್ತಾನೆ. ಮೂವತ್ತೈದು ವರ್ಷದಿಂದ ಅದೊಂದೇ ಮಾತು. ಇಷ್ಟು ಚಿಕ್ಕ ಭಾಷಣದಿಂದ ಇಷ್ಟು ದೀರ್ಘ ಸಾರ್ವಜನಿಕ ಜೀವನ ನಡೆಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆದರೆ ಯಾರೇ ಮಾತಿನ ಕೊನೆ ಎಳೆದರೂ ಅವನ ಗಂಟಲು ತಾನಾಗಿ ಏಳುತ್ತದೆ. ಬಸ್ಸಿನ ಕಂಡಕ್ಟರು ‘ಜೈನಾಪುರಾ’ ಎಂದು ಎಳೆದಾಗ ಎತ್ತಿಕೊಟ್ಟು ಬೈಸಿಕೊಂಡಿದ್ದಾನೆ.

ಮಗಳು ಮಿನಾಜ ವಿಜಯಪುರದ ಅಥಣಿ ರಸ್ತೆಯ ಸಣ್ಣ ಕೇಬಲ್ ಚಾನೆಲ್ಲಿಗೆ ಸೇರಿ ತಿಂಗಳಾಗಿತ್ತು. ಟಿಕೋಟಾ ಪಟ್ಟಣ ಪಂಚಾಯಿತಿಯ ಚುನಾವಣೆ ಬಂತು. ಅವರದೇ ವಾರ್ಡಿನ ಇಬ್ಬರು ಅಭ್ಯರ್ಥಿಗಳ ನೇರ ಪ್ರಸಾರದ ಚರ್ಚೆಯನ್ನು ಅವಳೇ ನಡೆಸಬೇಕು. ಚೆನ್ನಾಗಿ ನಡೆದರೆ ನೌಕರಿ ಖಾಯಂ, ಕೆಟ್ಟರೆ ಮನೆಗೆ ಎಂದು ಮಾಲೀಕರು ಹೇಳಿದ್ದರು. ಪ್ರೇಕ್ಷಕರ ಹನ್ನೆರಡು ಕುರ್ಚಿಗಳಲ್ಲಿ ಒಂದು ಖಾಲಿ ಉಳಿಯಿತು. ವಿಧಿಯಿಲ್ಲದೆ ಅಪ್ಪನನ್ನು ಕರೆತಂದಳು. ಬಾಯಿ ಬಿಡುವುದಿಲ್ಲವೆಂದು ಅವನು ತುಂತುಣಿಯ ಮೇಲೆ ಆಣೆ ಮಾಡಿ, ಭದ್ರತೆಗೆ ಒಂದು ಪೇಪರಮೆಂಟು ಬಾಯಿಗಿಟ್ಟುಕೊಂಡ.

ಕಾಳಗ ಶುರುವಾಯಿತು. ಜರಿ ಶಾಲಿನ ಅಭ್ಯರ್ಥಿ ಅರುಣಕುಮಾರ ತೊಡೆ ತಟ್ಟಿದ. ಎದುರಾಳಿ ಭೀಮಾಬಾಯಿ ಒಂದೇ ಕಣ್ಣಿನಿಂದ ಅತ್ತಳು; ಅದು ಕ್ಯಾಮೆರಾ ಕಡೆಯ ಕಣ್ಣು. ಅರುಣಕುಮಾರ ಎದೆ ಮುಟ್ಟಿಕೊಂಡು, “ಈ ಎದಿ ಬಗದ್ರ ಒಳಗ ಟಿಕೋಟಾನ ಕಾಣತೈತ್ರೀ...” ಎಂದು ಎಳೆದ. ಅಷ್ಟರಲ್ಲಿ ಪೇಪರಮೆಂಟು ಕರಗಿತ್ತು.

ದಾವಲಸಾಬ ಎತ್ತಿಕೊಟ್ಟ.

ಮಿನಾಜ ಪ್ರಶ್ನೆಗಳ ಚೀಟಿಯನ್ನು ಮುಖಕ್ಕೆ ಅಡ್ಡ ಹಿಡಿದಳು. ಗಾಜಿನಾಚೆ ಮಾಲೀಕರು ಎದ್ದು ನಿಂತರು. ಆದರೆ ಅರುಣಕುಮಾರ ಅರಳಿಬಿಟ್ಟಿದ್ದ. ತನಗೂ ಬೇಕೆಂದು ಭೀಮಾಬಾಯಿ ಇನ್ನೂ ಉದ್ದ ಎಳೆದಳು. ಪಕ್ಷಪಾತವರಿಯದ ದಾವಲಸಾಬ ಅವಳಿಗೂ ಕೊಟ್ಟ. ಆಮೇಲೆ ಇಪ್ಪತ್ತು ನಿಮಿಷ ಇಬ್ಬರೂ ಮತದಾರರನ್ನು ಮರೆತು ಅವನೊಬ್ಬನಿಗಾಗಿ ಹೋರಾಡಿದರು.

ಕೆಲಸ ಹೇಗೂ ಹೋಯಿತೆಂದುಕೊಂಡ ಮಿನಾಜ ಚೀಟಿಯಲ್ಲಿದ್ದ ಪ್ರಶ್ನೆಯನ್ನಾದರೂ ಕೇಳಿದಳು. ನಮ್ಮ ಓಣಿಯ ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದಲ್ಲ, ಏನು ಮಾಡುತ್ತೀರಿ? ಅರುಣಕುಮಾರ ಅಜ್ಜನ ಕುಸ್ತಿಯಿಂದ ಹೊರಟು ಗೋಳಗುಮ್ಮಟ ಹತ್ತಿ ಇಳಿದು, ಕೊನೆಯನ್ನು ಭರ್ಜರಿಯಾಗಿ ಎಳೆದು, ದಾವಲಸಾಬನ ಕಡೆ ನೋಡಿದ.

ಸದ್ದಿಲ್ಲ. ಅರುಣಕುಮಾರ ಇನ್ನೊಮ್ಮೆ ಎಳೆದ. ಆಗಲೂ ಇಲ್ಲ.

“ಹಾಡ ಚಲೋ ಐತ್ರಿ,” ಎಂದ ದಾವಲಸಾಬ ಸಂಕೋಚದಿಂದ. “ಸವಾಲಿಗೆ ಜವಾಬ ಬಂದಿಲ್ಲ. ಜವಾಬ ಬರೂತನಕ ಎತ್ತಿಕೊಡೂದು ನಮ್ಮ ಮೇಳದಾಗ ಪದ್ಧತಿ ಇಲ್ರಿ.”

ಭೀಮಾಬಾಯಿ ಎರಡೂ ಕಣ್ಣಲ್ಲಿ ಅತ್ತು ನೋಡಿದಳು. ಹಗ್ಗದವನು ಅಲುಗಲಿಲ್ಲ. ಮೇಳದ ಹಿಂದೆ ಚಾಪೆಯಲ್ಲಿ ಮಲಗಿ ಬೆಳೆದ ಮಿನಾಜಳಿಗೆ ಈ ಮೌನದ ಬೆಲೆ ಗೊತ್ತಿತ್ತು. ಚೀಟಿ ಕೆಳಗಿಟ್ಟು ಅವಳೂ ಸುಮ್ಮನೆ ಕಾದಳು.

ಕೊನೆಗೆ ಭೀಮಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಖರೇ ಹೇಳ್ತೀನವ್ವಾ. ಆ ನಳದ್ದ ನಾ ಏನೂ ವಿಚಾರ ಮಾಡಿಲ್ಲ. ಇನ್ನ ಮಾಡ್ತೀನಿ.”

ದಾವಲಸಾಬ ಎತ್ತಿಕೊಟ್ಟ ಗೀಗೀ ಆ ದಿನದಲ್ಲೇ ಅತಿ ಉದ್ದನೆಯದು. ಅದು ಮುಗಿಯುವ ಮೊದಲೇ ಅರುಣಕುಮಾರ, ತಾನು ಅವಳಿಗಿಂತಲೂ ಕಡಿಮೆ ವಿಚಾರ ಮಾಡಿದ್ದೇನೆಂದು ಘೋಷಿಸಿ ತನ್ನ ಪಾಲಿನದನ್ನು ಪಡೆದ.

ದೀಪಗಳು ಆರಿದವು. ಮಾಲೀಕರು ಬಂದು ಆ ಮುದುಕ ಯಾರೆಂದು ಕೇಳಿದರು. ಮಿನಾಜ ನೆಲ ನೋಡುತ್ತ, “ನಮ್ಮಪ್ಪಾರಿ,” ಎಂದಳು.

“ಮುಂದಿನ ವಾರ್ಡಿಗೂ ಕರಕೊಂಡ ಬಾ. ನಿನ್ನ ನೌಕರಿ ಕಾಗದಕ್ಕ ನಾಳೆ ಸಹಿ ಮಾಡ್ತೀನಿ.”

ಸಂತೆಯ ದಿನ ಆಗುವುದಿಲ್ಲವೆಂದು ದಾವಲಸಾಬ ಮೊದಲೇ ತಿಳಿಸಿದ. ಮಿನಾಜ ಕುರ್ಚಿಗೆ ಒರಗಿ ತಿಂಗಳಿಂದ ಹಿಡಿದಿದ್ದ ಉಸಿರನ್ನು ಬಿಟ್ಟಳು. ಅದು ಬಹಳ ಉದ್ದವಿತ್ತು. ಅಪ್ಪನ ಗಂಟಲು ಏಳುವುದು ಕಂಡಿತು. ಅವಳು ತಡೆಯಲಿಲ್ಲ.