ನೀಲಿ ಅಂಗಿಯ ಇಸ್ತ್ರಿ

ಇಸ್ತ್ರಿ ಅಂಗಡಿಯವನು ಕೆಂಪು ಫುಟ್‌ಬಾಲ್ ತಂಡದ ಭಕ್ತ. ಅದೇ ಊರಿನ ನೀಲಿ ತಂಡದ ಹೆಸರೆತ್ತಿದರೆ ಮೈಯೆಲ್ಲ ಉರಿ. ಆಕಾಶ ನೀಲಿಯಾಗಿರುವುದನ್ನೂ ಅವನಿನ್ನೂ ಕ್ಷಮಿಸಿಲ್ಲ. ಎದುರುಮನೆಯ ಭಾವಮೈದ ಆಟದ ದಿನ ತನ್ನ ನೀಲಿ ತಂಡದ ಅಂಗಿ ತಂದರೆ, “ಈ ದರಿದ್ರ ಮುಖ ಯಾರು ನೋಡ್ತಾರೆ!” ಎಂದು ಒಳಮೈ ಹೊರಗೆ ಮಾಡಿಯೇ ಇಸ್ತ್ರಿ ಹಾಕುತ್ತಾನೆ. ಹಾಗಾಗಿ ಭಾವಮೈದನ ಅಂಗಿಯ ಲಾಂಛನ ಇಂದಿಗೂ ಹೊಚ್ಚ ಹೊಸದು. ಇವನ ಕೆಂಪು ಅಂಗಿಯದು ಮಾತ್ರ, ಪ್ರೀತಿಯಿಂದ ಮುಖದ ಮೇಲೇ ತಿಕ್ಕಿ ತಿಕ್ಕಿ, ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿದೆ. ಈ ಸಲ ನೀಲಿ ತಂಡ ಸೋತು ಸೋತು ಕೆಳದರ್ಜೆಯ ಪಂದ್ಯಾವಳಿಗೆ ಬಿತ್ತು; ಇನ್ನು ಕೆಂಪು ತಂಡದೆದುರು ಅದರ ಆಟವೇ ಇಲ್ಲ. ಇವನು ಕುಣಿದಾನೆಂದು ಬೀದಿಯೇ ಕಾದಿತ್ತು. ನೀಲಿ ತಂಡದ ಮುಂದಿನ ಆಟದ ದಿನ ಅಂಗಿ ಬರಲಿಲ್ಲ. ಮಧ್ಯಾಹ್ನದವರೆಗೆ ತಡೆದುಕೊಂಡವನು ಹೋಗಿ ಎದುರುಮನೆ ಬಾಗಿಲು ಬಡಿದ. “ಇನ್ಯಾಕೆ ಭಾವ ಆ ಅಂಗಿ?” ಎಂದ ಭಾವಮೈದ. “ತಾರಯ್ಯಾ ಸುಮ್ನೆ! ನೀವು ಮೇಲೆ ಬರೋವರೆಗೂ ನಾವು ಗೆದ್ದು ಯಾರ ಮುಂದೆ ಮೆರೀಬೇಕು?”